ಸೋಮಲೆ ಬಚ್ಚಿಟ್ಟ ಮೂರು ಮಾತು

ಏಳು ಬೆಟ್ಟಗಳ ಆಚೆ, ಯಾರ ನೆನಪಿಗೂ ನಿಲುಕದಷ್ಟು ಹಿಂದೆ, ನೀಲಪುರವೆಂಬ ರಾಜ್ಯವಿತ್ತು. ಅಲ್ಲಿ ಹೊಳೆಯಲ್ಲಿ ದೋಣಿ ನಡೆಸುವ ಹೊನ್ನವ್ವೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸೋಮಲೆ, ಚಿಕ್ಕವಳು ಕೇತಲೆ. ಅಕ್ಕತಂಗಿ ದಿನವೂ ಬಿದಿರುಕಾಡಿನ ದಾರಿಯಲ್ಲಿ ನಡೆದು ಪಾಠಶಾಲೆಗೆ ಹೋಗುತ್ತಿದ್ದರು.

ಆ ಕಾಡಿನಲ್ಲಿ ಮಕ್ಕಳನ್ನು ಕದಿಯುವ ಮಾಂತ್ರಿಕನೊಬ್ಬನಿದ್ದ. "ಅವನಿಗೆ ಕೆಂಡದಂಥ ಕಣ್ಣು, ಕೋರೆಹಲ್ಲು. ಕಂಡ ಕೂಡಲೇ ಓಡಿಬನ್ನಿ" ಎಂದು ರಾಜ ಡಂಗುರ ಸಾರಿಸಿದ್ದ. ಹೊನ್ನವ್ವೆಯೂ ಮಕ್ಕಳಿಗೆ ಅದನ್ನೇ ಹೇಳಿದ್ದಳು. ನಿಜ ಹೇಳಬೇಕೆಂದರೆ ಅವನ ಹೆಸರು ಮೃದುಮುಖ. ನೋಡಲು ಪಕ್ಕದ ಮನೆಯ ಮಾವನ ಹಾಗಿದ್ದ.

ಮೊದಲ ದಿನ ಅವನು ದಾರಿಬದಿಯಲ್ಲಿ ಕುಳಿತು ಸೋಮಲೆಗೆ ಎಳ್ಳುಂಡೆ ಕೊಟ್ಟ. "ಮನೆಯಲ್ಲಿ ಹೇಳಬೇಡ ಪುಟ್ಟಿ. ಹೇಳಿದರೆ ನಾಳೆ ಕೊಡೋದಿಲ್ಲ." ಸೋಮಲೆ ತಿಂದಳು. ಮನೆಯಲ್ಲಿ ಹೇಳಲಿಲ್ಲ.

ಎರಡನೆಯ ದಿನ ತಾನಾಗಿಯೇ ಹಾಡುವ ಬಳೆ ಕೊಟ್ಟ. "ಅವ್ವ ಕೇಳಿದರೆ ಗೆಳತಿ ಕೊಟ್ಟಳು ಅನ್ನು." ಸೋಮಲೆ ಅವ್ವನ ಮುಖ ನೋಡದೆ ಹಾಗೆಯೇ ಹೇಳಿದಳು.

ಮೂರನೆಯ ದಿನ ರೆಕ್ಕೆಯಿರುವ ಜಿಂಕೆಯೊಂದನ್ನು ಹಿಡಿದು ನಿಂತಿದ್ದ. "ನಿಮ್ಮವ್ವನ ದೋಣಿ ಒಡೆದಿದೆ, ಬೇಗ ಬರಬೇಕಂತೆ. ಮೊದಲು ಚಿಕ್ಕವಳನ್ನು ಹತ್ತಿಸು."

ಕೇತಲೆ ಅಕ್ಕನ ಲಂಗ ಹಿಡಿದುಕೊಂಡಳು. "ನನಗೆ ಬೇಡ ಅಕ್ಕಾ. ನನಗೆ ಹೆದರಿಕೆ."

"ಸುಮ್ಮನಿರೇ, ಗೊತ್ತಿರೋರು ಇವರು" ಎಂದು ಸೋಮಲೆ ತಂಗಿಯನ್ನು ಎತ್ತಿ ಜಿಂಕೆಯ ಮೇಲೆ ಕೂರಿಸಿದಳು. ಜಿಂಕೆ ಆಕಾಶಕ್ಕೆ ಹಾರಿತು. ತಿರುಗಿ ನೋಡಿದರೆ ಅವನೂ ಇಲ್ಲ.

ಸೋಮಲೆ ಅಳುತ್ತಾ ಹೊಳೆಗೆ ಓಡಿದಳು. ದೋಣಿ ಒಡೆದಿರಲಿಲ್ಲ. ಅವ್ವ ಎಂದಿನಂತೆ ಹುಟ್ಟು ಹಾಕುತ್ತಿದ್ದಳು.

"ಕೇತಲೆ ಎಲ್ಲೇ?"

ನಿಜ ನಾಲಿಗೆಯ ತುದಿಗೆ ಬಂತು. ಆದರೆ ನಾಚಿಕೆಯಾಗಿ ಅದನ್ನು ನುಂಗಿಕೊಂಡಳು. "ಗುರುಗಳ ಮನೆಯಲ್ಲಿ ಉಳಿದಳು. ನಾಳೆ ಬರ್ತಾಳೆ."

ಅವ್ವ ನಂಬಿದಳು. ಬೈದಿದ್ದರೆ ಸೋಮಲೆ ತಡೆದುಕೊಳ್ಳುತ್ತಿದ್ದಳು, ನಂಬಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಬಳೆ ಕಿತ್ತು ಹೊಳೆಗೆಸೆದಳು.

ಬೆಳಗಾಗುತ್ತಲೇ ಒಬ್ಬಳೇ ಕಾಡಿಗೆ ನುಗ್ಗಿದಳು. ನಡುಗಾಡಿನಲ್ಲಿ ಒಂದರೊಳಗೊಂದು ಮೂರು ಕರಿಗೋಡೆಗಳ ಕೋಟೆ. ಬಾಗಿಲೇ ಇಲ್ಲ. ಒಳಗಿನಿಂದ "ಅಕ್ಕಾ, ಅಕ್ಕಾ" ಎಂಬ ಅಳು.

ಗೋಡೆಯ ಮೇಲೆ ನಿಂತು ಮೃದುಮುಖ ನಕ್ಕ. "ಮಕ್ಕಳು ಮುಚ್ಚಿಟ್ಟ ಮಾತೇ ನನ್ನ ಗೋಡೆ. ಈ ಮೂರೂ ನೀನು ಕಟ್ಟಿಕೊಟ್ಟದ್ದು. ಹೋಗು, ನಿಮ್ಮವ್ವನಿಗೆ ಹೇಳು ನೋಡೋಣ. ಆಮೇಲೆ ಅವಳು ನಿನ್ನ ಮುಖ ನೋಡ್ತಾಳಾ?"

ಸೋಮಲೆ ಹೊಳೆದಂಡೆಗೆ ಬಂದಳು. ದೋಣಿ ತುಂಬ ಜನ. ಎಲ್ಲರೆದುರು ಹೇಳುವುದಕ್ಕಿಂತ ಹೊಳೆಗೆ ಬೀಳುವುದೇ ಲೇಸೆನ್ನಿಸಿತು. ಆದರೂ ತಂಗಿಯ ಅಳು ಕಿವಿಯಲ್ಲಿತ್ತು.

"ಅವ್ವಾ, ನಾನು ಗುರುತಿಲ್ಲದವನ ಕೈಯಿಂದ ಎಳ್ಳುಂಡೆ ತಿಂದೆ."

ಕಾಡಿನೊಳಗೆ ಗುಡುಗಿನಂಥ ಸದ್ದಾಯಿತು. ಒಂದು ಗೋಡೆ ಬಿತ್ತು.

"ಬಳೆ ಕೊಟ್ಟವನೂ ಅವನೇ. ಗೆಳತಿ ಅಂತ ಸುಳ್ಳು ಹೇಳಿದೆ."

ಎರಡನೆಯ ಗೋಡೆ ಬಿತ್ತು. ಮೂರನೆಯ ಮಾತಿಗೆ ಸೋಮಲೆ ಕೆಸರಿನಲ್ಲೇ ಕುಳಿತುಬಿಟ್ಟಳು.

"ಕೇತಲೆ ಗುರುಗಳ ಮನೆಯಲ್ಲಿಲ್ಲ ಅವ್ವಾ. ಬೇಡ ಬೇಡ ಅಂದಳು. ನಾನೇ... ನನ್ನ ಕೈಯಾರೆ ಅವನ ಜಿಂಕೆ ಹತ್ತಿಸಿದೆ."

ನೆಲವೇ ಅದುರಿತು. ಕೊನೆಯ ಗೋಡೆಯೂ ಉರುಳಿತು.

ಹೊನ್ನವ್ವೆ ದೋಣಿಯಿಂದ ಹಾರಿ ಬಂದಳು. ಸೋಮಲೆ ಮುಖ ಮುಚ್ಚಿಕೊಂಡಳು. ಏಟು ಬೀಳಲಿಲ್ಲ. ಅವ್ವ ಅವಳನ್ನು ಎದೆಗವಚಿಕೊಂಡಳು.

"ತಪ್ಪು ಮೋಸ ಮಾಡಿದವನದು ಮಗಳೇ. ಬಳೆ ಗೆಳತಿ ಕೊಟ್ಟಳು ಅಂದಾಗ ನೀನು ನನ್ನ ಮುಖ ನೋಡಿರಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಕೇಳದೆ ಬಿಟ್ಟೆನಲ್ಲ, ನನಗೇ ನಾಚಿಕೆಯಾಗುತ್ತೆ. ಏಳು, ಕೇತಲೆ ಎಲ್ಲಿದ್ದಾಳೆ ತೋರಿಸು."

ದೋಣಿಯ ಜನವೆಲ್ಲ ಹುಟ್ಟು, ಬಡಿಗೆ ಹಿಡಿದು ಹಿಂದೆ ಓಡಿತು. ಕೋಟೆಯಿದ್ದಲ್ಲಿ ಕಲ್ಲಿನ ರಾಶಿ. ಕಳೆದುಹೋದ ಮಕ್ಕಳೆಲ್ಲ ಅಲ್ಲಿದ್ದರು. ಮುಚ್ಚಿಕೊಳ್ಳಲು ಗೋಡೆಯಿಲ್ಲದ ಮೃದುಮುಖ, ನಾಲ್ಕು ಜನರ ಕಣ್ಣು ಬಿದ್ದ ಕೂಡಲೇ ಕುಗ್ಗಿ ಕುಗ್ಗಿ ಬೂದಿಯಾದ.

ಸುದ್ದಿ ಕೇಳಿ ರಾಜ ಬಂದ. ಕಿರೀಟ ತೆಗೆದು ಮಕ್ಕಳ ಮುಂದೆ ತಲೆ ತಗ್ಗಿಸಿದ. "ನಿಮಗೆ ತಪ್ಪು ಗುರುತು ಹೇಳಿಕೊಟ್ಟವನು ನಾನು. ಕಣ್ಣು, ಹಲ್ಲು ನೋಡಬೇಡಿ. ಎಷ್ಟೇ ನಯವಾಗಿ ಮಾತಾಡಲಿ, 'ಮನೆಯಲ್ಲಿ ಹೇಳಬೇಡ' ಅಂದನೋ, ಅವನೇ ಕಳ್ಳ. ಓಡಿಬಂದು ಹೇಳಿ. ತಡವಾಗಿದ್ದರೂ ಹೇಳಿ. ನಿಮ್ಮನ್ನು ಯಾರೂ ಬೈಯಕೂಡದು, ಇದು ನನ್ನ ಆಜ್ಞೆ."

ಸೋಮಲೆ ಮಾತ್ರ ದೂರದಲ್ಲಿ ನಿಂತಿದ್ದಳು. ತಂಗಿಯ ಕಡೆ ಕಣ್ಣೆತ್ತಲಾಗಲಿಲ್ಲ. ಕೇತಲೆ ಕಲ್ಲುಗಳನ್ನು ದಾಟಿ ತಾನೇ ಬಂದಳು.

"ನಾನು ಬೇಡ ಅಂದಿದ್ದೆ" ಎಂದಳು.

"ಹೌದು" ಎಂದಳು ಸೋಮಲೆ. "ನಾನು ಕೇಳಲಿಲ್ಲ. ಇನ್ನು ಮುಂದೆ ನೀನು ಬೇಡ ಅಂದರೆ ಬೇಡ."

ಕೇತಲೆ ಅಕ್ಕನತ್ತ ಎರಡೂ ಕೈ ಚಾಚಿದಳು. "ಸರಿ. ನನಗೆ ಹಸಿವಾಗಿದೆ, ಎತ್ತಿಕೋ."

ಸೋಮಲೆ ತಂಗಿಯನ್ನು ಬೆನ್ನಿಗೇರಿಸಿಕೊಂಡು ಮನೆಯ ಕಡೆ ನಡೆದಳು. ಅಂದು ನೀಲಪುರದ ಮನೆಮನೆಯಲ್ಲೂ ಒಲೆ ಹೊತ್ತಿತು, ಮಕ್ಕಳು ಹೊಟ್ಟೆತುಂಬ ಉಂಡರು, ಆಮೇಲೆ ಆ ನಾಡು ಬಹುಕಾಲ ಸುಖವಾಗಿ ಬಾಳಿತು.