ಮೂರು ಮನೆಯ ಚೌಕಟ್ಟು

"ಹಾಕೋದಾದ್ರೆ ಮೂರು ಫೋಟೋನೂ ಒಟ್ಟಿಗೆ ಹಾಕು ಕಣಮ್ಮ. ಎರಡು ಹಾಕಿ ಮೂರನೇ ಮನೆ ಖಾಲಿ ಬಿಡಬೇಡ," ಎಂದರು ಮುದುಕ ಮೇಸ್ತ್ರಿ, ಕೊಯ್ಯುತ್ತಿದ್ದ ಗಾಜನ್ನು ಕೆಳಗಿಟ್ಟು.

"ಬಿಟ್ರೆ ಏನಾಗುತ್ತೆ?"

"ಅದೇ ತುಂಬ್ಕೊಳ್ಳುತ್ತೆ. ಮಾಟ ಮಾಡಿಸಿರೋ ಚೌಕಟ್ಟು ಅದು. ಯಾವಳೋ ತನ್ನ ಸವತಿ ಮಕ್ಕಳ ಮೇಲೆ..." ಉಳಿದದ್ದನ್ನು ಅವರು ನುಂಗಿಕೊಂಡರು.

"ಒಳ್ಳೇದೇ ಆಯ್ತಲ್ಲ ಮೇಸ್ತ್ರಿಗಳೇ! ಫೋಟೋಗ್ರಾಫರ್‌ಗೆ ರಜಾ ಕೊಟ್ಬಿಡೋಣ."

ಮೇಸ್ತ್ರಿ ನಗಲಿಲ್ಲ. ಶಟರನ್ನು ಅರ್ಧ ಇಳಿಸಿ ಊಟಕ್ಕೆ ಹೊರಟುಹೋದರು.

ಪಟಗಳಿಗೆ ಕಟ್ಟು ಹಾಕುವ ಆ ಅಂಗಡಿಗೆ ಅವಳು ಸೇರಿ ಎಂಟು ದಿನವಾಗಿತ್ತು. ಗಾಜಿನ ಕಿಟಕಿಯಲ್ಲಿ ಚೆಂದಕ್ಕೆ ಪಟ ಜೋಡಿಸುವುದು ಅವಳ ಕೆಲಸ. ಮೂರರ ಮೇಲೆ ಅವಳಿಗೆ ಹುಚ್ಚು. ಒಂದೇ ಪಟ ಒಂಟಿ. ಎರಡಾದರೆ ಎದುರುಬದುರು ಕೂತು ಮುಖ ಊದಿಸಿಕೊಳ್ಳುತ್ತವೆ. ಮೂರನೆಯದು ಪಕ್ಕಕ್ಕೆ ಬಂದಾಗಲೇ ಕತೆ ಬಾಯಿಬಿಡುವುದು. ಮದ್ದಳೆಯಷ್ಟು ಭಾರದ ಆ ಕರಿಮರದ ಚೌಕಟ್ಟೋ, ಕೀಲುಗಳಿಂದ ಮಡಚಿಕೊಳ್ಳುವ ಮೂರು ಮನೆಗಳದ್ದು. ಇಂಥದ್ದನ್ನು ಮೂಲೆಗೆ ಹಾಕುವುದೇ?

ಬಿಚ್ಚಿದಾಗ ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಬಡಿಯಿತು.

ಮೊದಲ ಮನೆಗೆ ತಂಗಿ ಪುಟ್ಟಿಯ ಬೊಚ್ಚು ಬಾಯಿಯ ನಗು. ಎರಡನೆಯದಕ್ಕೆ ಅದೇ ತಂಗಿ ಕಾಲೇಜಿಗೆ ಹೊರಟ ದಿನ. ಮೂರನೆಯದಕ್ಕೆ ಕೈಯಲ್ಲಿ ಎರಡು ಫೋಟೋಗಳಿದ್ದವು. ನೇರ ನೋಡುವ ಮುಖವೋ, ಪಕ್ಕಕ್ಕೆ ತಿರುಗಿದ ಮುಖವೋ? ಮನಸ್ಸು ಒಪ್ಪಲಿಲ್ಲ. ದೂರ ನಿಂತು ನೋಡಿದಳು. ಇನ್ನೂ ಎರಡು ಹೆಜ್ಜೆ ಹಿಂದೆ ಸರಿದಳು.

ಪರ್... ಗಾಜಿನಿಂದ ಒದ್ದೆ ಕಾಗದ ಕೀಳುವಂಥ ಸದ್ದು.

ಖಾಲಿ ಗಾಜು ಒಳಗಿನಿಂದ ಮಂಜಾಯಿತು. ಮಂಜಿನಲ್ಲಿ ಬಿಳಿ ಹೊದಿಕೆಯೊಂದು ಮೂಡಿತು. ಹೊದಿಕೆಯ ಅಂಚಿನಲ್ಲಿ ಹಸಿರು ಕುರ್ತಾದ ಕೊರಳು. ಬೆಳಿಗ್ಗೆ ತಾನೇ ತಂಗಿಗೆ ಇಸ್ತ್ರಿ ಮಾಡಿಕೊಟ್ಟದ್ದು. ಆಮೇಲೆ ಗದ್ದ. ನೀಲಿಗಟ್ಟಿದ ತುಟಿ. ಮುಚ್ಚಿದ ಕಣ್ಣು.

ಫೋನು ಕಿರುಚಿಕೊಂಡಿತು.

"ಪುಟ್ಟಿಗೆ ಉಸಿರೇ ಸಿಗ್ತಿಲ್ಲ ಕಣೇ!" ಅಮ್ಮ. "ಚೆನ್ನಾಗೇ ಇದ್ಲು, ಧೊಪ್ಪಂತ ಬಿದ್ದುಬಿಟ್ಲು! ಬಾರೇ ಬೇಗ!"

ಅವಳು ಫೋನು ಎಸೆದು ಚೌಕಟ್ಟಿನ ಮೇಲೆ ಎರಗಿದಳು. ಹಾಕಿದ ಪಟಗಳನ್ನು ಜಗ್ಗಿದಳು. ಬರಲಿಲ್ಲ. ಉಗುರು ಮುರಿಯಿತು. ಸುತ್ತಿಗೆಯಿಂದ ಹೊಡೆದಳು. ಗಾಜು ಒಡೆಯಲಿಲ್ಲ. ಕೈಯಲ್ಲಿದ್ದ ತಂಗಿಯ ಫೋಟೋ ಮೂರನೇ ಮನೆಗೆ ತುರುಕಿದಳು. ಕಪ್ಪಗಾಗಿ ಉದುರಿತು. ಇನ್ನೊಂದನ್ನು ತುರುಕಿದಳು. ಅದೂ ಬೂದಿ. ನೆಲದ ಮೇಲಿನ ಫೋನಿನಲ್ಲಿ ತಂಗಿಯ ಗೊರಗೊರ ಉಸಿರು. ತುಂಡು ತುಂಡು. ಇನ್ನೂ ಸಣ್ಣಗೆ.

ಇನ್ಯಾವ ಫೋಟೋ? ಯಾರದ್ದು?

ಕೊರಳ ಗುರುತಿನ ಚೀಟಿ ಕೈಗೆ ಸಿಕ್ಕಿತು. ತನ್ನದೇ ಮುಖ. ಪರಕ್ಕನೆ ಕಿತ್ತಳು. ಒಳಗೆ ತಳ್ಳಿದಳು.

ಚೌಕಟ್ಟು ಅದನ್ನು ಚೀಪಿ ಎಳೆದುಕೊಂಡಿತು. ಬಿಳಿ ಹೊದಿಕೆ ಕರಗಿಹೋಯಿತು.

ಆಮೇಲೆ ಫೋನಿನಲ್ಲಿ ಕೆಮ್ಮು. "ಅಮ್ಮಾ... ನೀರು."

ಅವಳು ತೆವಳಿಹೋಗಿ ಫೋನು ಎತ್ತಿಕೊಂಡಳು. ಅಳು ಒತ್ತರಿಸಿ ಬಂತು. "ಪುಟ್ಟೀ! ಹುಷಾರಾದ್ಯೇನೇ? ನಾನು ಕಣೇ, ಅಕ್ಕ!"

ಅಮ್ಮನ ದನಿ ಹತ್ತಿರ ಬಂತು. "ಯಾರೇ ಅದು?"

"ಗೊತ್ತಿಲ್ಲಮ್ಮ. ಅಕ್ಕ ಅಂತಾರೆ." ತಂಗಿಯ ದನಿ ಫೋನಿನಿಂದ ದೂರ ಸರಿಯಿತು. "ನಿನಗೆ ನಾನೊಬ್ಳೇ ಮಗಳಲ್ವಾ? ಯಾರೋ ಪಾಪ, ಅಳ್ತಿದಾರೆ. ಇಟ್ಬಿಡ್ಲಾ?"