ಮನೆಯವರೆಲ್ಲರ ಮುಲಾಮು

"ಕೈ ಹಿಡ್ಕೊಳ್ಳಿ ಅಂದ್ರೆ ಕೈ ಹಿಡ್ಕೋಬೇಕು. ತೋಳು ಯಾಕೆ ಹಿಡ್ಕೊಂಡಿದೀಯ?" ಡ್ಯಾನ್ಸ್ ಮಿಸ್ ಕೇಳಿದರು.

ಪಕ್ಕದ ಹುಡುಗಿ ಚೋಟುವಿನ ತೋಳು ಬಿಟ್ಟಳು. ಕೈ ಮಾತ್ರ ಹಿಡಿಯಲಿಲ್ಲ. "ಮಿಸ್, ಇವಳಿಗೆ ಕಜ್ಜಿ ಆಗಿದೆ. ಬೆರಳ ಸಂದೀಲೆಲ್ಲ ಗುಳ್ಳೆ ಇದೆ ನೋಡಿ."

ಇಡೀ ಸಾಲು ತಿರುಗಿ ನೋಡಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಚೋಟುವಿಗೆ. ಮಿಸ್ ಬೈಯಲಿಲ್ಲ. "ಪೂರ್ತಿ ವಾಸಿಯಾದ ಮೇಲೆ ಬಾಮ್ಮ, ನಿನ್ನ ಜಾಗ ಹಾಗೇ ಇರತ್ತೆ" ಎಂದರು. ಅದರ ಬದಲು ಬೈದಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದು ಅಳುತ್ತಾ ಎಲ್ಲ ಹೇಳಿದಳು. ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. "ಮುಲಾಮು ಹಚ್ಚಿದ್ದಾಯ್ತು. ಬಟ್ಟೆ, ಹೊದಿಕೆ ಎಲ್ಲ ಬಿಸಿನೀರಲ್ಲಿ ಒಗೆದಿದ್ದಾಯ್ತು. ವಾಸಿಯಾಗಿದ್ದು ಮತ್ತೆ ಹೇಗೆ ಬಂತು?"

"ಸ್ನಾನ ಅಂದ್ರೆ ಇವಳಿಗೆ ಎರಡು ಚೊಂಬು ನೀರು. ಇನ್ನೇನಾಗತ್ತೆ?" ಎಂದಳು ಅಜ್ಜಿ. ಚೋಟುವಿನ ಟವೆಲ್ಲನ್ನು ಬೇರೆ ಮೊಳೆಗೆ ನೇತುಹಾಕಿದವಳೂ ಅಜ್ಜಿಯೇ.

ಡಾಕ್ಟರಮ್ಮ ಬೇರೆಯೇ ಹೇಳಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಎಷ್ಟೇ ಸ್ನಾನ ಮಾಡುವವರಿಗೂ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಆದ್ದರಿಂದ ತುರಿಕೆ ಇರಲಿ ಬಿಡಲಿ, ಮನೆಯವರೆಲ್ಲ ಒಂದೇ ದಿನ ಕತ್ತಿನಿಂದ ಪಾದದವರೆಗೆ ಮುಲಾಮು ಹಚ್ಚಿಕೊಳ್ಳಬೇಕು. ಅಮ್ಮ ಹಚ್ಚಿಕೊಂಡಿದ್ದಳು. ಅಜ್ಜಿ ಮಾತ್ರ, "ನನಗೇನು ಬಂದಿದೆ ರೋಗ? ಗುಂಡುಕಲ್ಲಿನ ಹಾಗಿದೀನಿ" ಎಂದು ಟ್ಯೂಬನ್ನು ಮುಟ್ಟಿಯೂ ನೋಡಿರಲಿಲ್ಲ. ಅಜ್ಜಿಗೆ ಎದುರಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸಂಜೆ ಮುಖ ತೊಳೆಯಲು ಚೋಟು ಹಿತ್ತಲಿಗೆ ಹೋದಳು. ಅಜ್ಜಿ ಒಬ್ಬಳೇ ಕೂತು ಬಕೆಟ್ಟಿನ ಬಿಸಿನೀರಿನಲ್ಲಿ ಕೈ ಅದ್ದಿದ್ದಳು. ಸ್ವೆಟರಿನ ತೋಳು ಮೇಲೇರಿತ್ತು. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಅದೇ ಗುಳ್ಳೆಗಳು. ಕೆಲವು ತುರಿಸಿ ತುರಿಸಿ ಹುಣ್ಣಾಗಿದ್ದವು.

"ಅಜ್ಜಿ, ನಿಂಗೂ ಇದೆಯಾ?"

ಅಜ್ಜಿ ಗಡಬಡಿಸಿ ತೋಳು ಎಳೆದುಕೊಂಡಳು. ಆಮೇಲೆ ನೀರನ್ನೇ ನೋಡುತ್ತಾ, "ನಿನಗಿಂತ ಮುಂಚೆಯಿಂದ ಇದೆ ಕಣೇ" ಎಂದಳು.

ಬೇರೊಬ್ಬರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬರ ಮೈ ಒರೆಸಿ, ಬಟ್ಟೆ ಬದಲಿಸಿ ನೋಡಿಕೊಳ್ಳುವುದು ಅಜ್ಜಿಯ ಕೆಲಸ. "ಅವರಿಂದಲೇ ಬಂದಿರಬೇಕು. ಗೊತ್ತಾದ್ರೆ ಆ ಮನೆಯವರು ನಾಳೆಯಿಂದ ಬರಬೇಡ ಅಂತಾರೆ. ಹೇಳೋಕೆ ಬಾಯೇ ಬರಲಿಲ್ಲ."

ದಿನಾ ಅಜ್ಜಿಯ ಹೊದಿಕೆಯೊಳಗೇ ಮಲಗುವವಳು ಚೋಟು. ತನಗೆ ಎಲ್ಲಿಂದ ಬಂತೆಂದು ಅವಳಿಗೆ ಈಗ ಹೊಳೆಯಿತು.

"ಮತ್ತೆ ನಂಗ್ಯಾಕೆ ಬೈದೆ?"

"ನಿನ್ನ ಬೈತಾ ಇದ್ರೆ ನನ್ನ ಕಡೆ ಯಾರೂ ನೋಡಲ್ಲ ಅಂತ."

ಚೋಟುವಿಗೆ ಮೈಯೆಲ್ಲ ಉರಿದುಹೋಯಿತು. "ಅಮ್ಮಾ" ಎಂದು ಗಟ್ಟಿಯಾಗಿ ಕೂಗಿದಳು. ಅಜ್ಜಿ ತಡೆಯಲಿಲ್ಲ, ತಲೆ ತಗ್ಗಿಸಿದಳು. ಮನೆಯನ್ನೇ ನಡುಗಿಸುವ ಅಜ್ಜಿ ಇಷ್ಟೇ ಇಷ್ಟಾಗಿ ಕಂಡಳು.

"ಏನೇ ಅದು?" ಅಮ್ಮ ಬಾಗಿಲಿಗೆ ಬಂದಳು.

ಚೋಟು ಹೇಳಲು ಬಂದ ಮಾತನ್ನು ನುಂಗಿಕೊಂಡಳು. "ಮುಲಾಮು ಬೇಕಿತ್ತು. ಈ ಸಲ ಅಜ್ಜಿನೂ ಹಚ್ಕೋತಾಳಂತೆ."

ಅಜ್ಜಿ ಅವಳ ಮುಖ ನೋಡಿದಳು. ಆಮೇಲೆ ತಾನೇ ತೋಳು ಮೇಲೆ ಮಾಡಿ ಎರಡೂ ಕೈಗಳನ್ನು ಅಮ್ಮನ ಮುಂದೆ ಚಾಚಿದಳು. "ನನಗೂ ಇದೆ ಕಣಮ್ಮ. ತಪ್ಪೆಲ್ಲ ಮಗು ಮೇಲೆ ಹಾಕಿಬಿಟ್ಟೆ. ನಾಳೆ ಆ ಮನೆಯಲ್ಲೂ ಹೇಳ್ತೀನಿ, ಅವರು ಏನಾದ್ರೂ ಅಂದ್ಕೊಳ್ಳಲಿ. ಪಾಪ, ಆ ಮುದುಕಿಗೂ ತುರೀತಾ ಇರತ್ತೆ, ಅವರಿಗೆ ಮಾತೇ ಬರಲ್ಲ."

ಆ ಸಂಜೆ ಮೂವರೂ ಮುಲಾಮು ಹಚ್ಚಿಕೊಂಡರು. ಅಜ್ಜಿಯ ಬೆನ್ನಿಗೆ ಹಚ್ಚುವ ಕೆಲಸ ಚೋಟುವಿನದು. ಅವಳ ಕೋಪ ಪೂರ್ತಿ ಇಳಿದಿರಲಿಲ್ಲ. ಆದರೂ ಹುಣ್ಣಿದ್ದ ಕಡೆ ಅವಳ ಬೆರಳು ತಾನಾಗಿಯೇ ಹಗುರವಾಯಿತು.

"ಉರಿಯತ್ತಾ ಅಜ್ಜಿ?"

"ಸ್ವಲ್ಪ."

"ನಂಗೂ ಹಾಗೇ ಆಗಿತ್ತು" ಎಂದಳು ಚೋಟು.