ಮೂರನೇ ಸಲ ಅಳಿಸಿದ ವರ್ಗಾವಣೆ

"ನಿಮಗೆ ನನ್ನ ಮೇಲೆ ಅಷ್ಟೊಂದು ಹಗೆ ಯಾಕ್ರೀ?"

ಬಾಗಿಲು ಗೋಡೆಗೆ ಬಡಿಯುವಂತೆ ನೂಕಿಕೊಂಡು ಅವಳು ಸಿಬ್ಬಂದಿ ವಿಭಾಗಕ್ಕೆ ನುಗ್ಗಿದಳು. ಕಂಪ್ಯೂಟರ್ ಮುಂದಿದ್ದವನು ತಲೆ ಎತ್ತಲಿಲ್ಲ.

ಆಫೀಸಿನವರು ಅವನಿಗಿಟ್ಟ ಹೆಸರು ಮೌನಿಬಾಬಾ. ಅವಳು ಬಿಲ್ಲಿಂಗ್ ವಿಭಾಗದ ಮೆಣಸಿನಕಾಯಿ. ಇಬ್ಬರೂ ಹಾವು ಮುಂಗುಸಿ... ಒಂದೇ ಲಿಫ್ಟಿನಲ್ಲೂ ಹೋಗುತ್ತಿರಲಿಲ್ಲ!

"ಅಕ್ಕನ ಊರಿನ ಶಾಖೆಗೆ ಆಗಿದ್ದ ನನ್ನ ವರ್ಗಾವಣೆ ಮತ್ತೆ ಅಳಿಸಿಹೋಗಿದೆ. ಮೂರನೇ ಸಲ! ಇವತ್ತು ಸಂಜೆ ದಾಖಲೆ ಮುಚ್ಚಿದ್ರೆ ಆ ಜಾಗ ಬೇರೆಯವರ ಪಾಲು. ಅಲ್ಲಿ ನಮ್ಮಕ್ಕನಿಗೆ ದಿನ ತುಂಬಿದೆ. ಅಮ್ಮ ಇಲ್ಲ. ಬಾಣಂತನ ಯಾರು ಮಾಡ್ತಾರೆ, ನೀವಾ?"

"ಕಿರುಚಬೇಡಿ. ಏನೋ ತಾಂತ್ರಿಕ ತಪ್ಪು."

"ಯಾರ ಕಿವಿಗೆ ಹೂವು ಇಡ್ತೀರಿ? ತೋರಿಸಿ!" ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತಳು.

ಅವನು ಒಲ್ಲದ ಮನಸ್ಸಿನಿಂದ ವಿವರಿಸಿದ. ಎಲ್ಲರ ದಾಖಲೆ ಒಟ್ಟಿಗೆ ತಿದ್ದಲು ಸಿಸ್ಟಮ್‌ನಿಂದ ಎಕ್ಸೆಲ್ ಫೈಲು ಇಳಿಸಿಕೊಂಡಿದ್ದ. ಫೋನ್ ನಂಬರು, ವಿಳಾಸ ತಿದ್ದುತ್ತ ಕೂತಿದ್ದಾಗ ಸಾಹೇಬರು ಅವಳ ವರ್ಗಾವಣೆಯನ್ನು ನೇರವಾಗಿ ಸಿಸ್ಟಮ್‌ಗೆ ಹಾಕಿದ್ದರು. ಇವನು ಫೈಲು ವಾಪಸ್ ಏರಿಸಿದ. ಅದರಲ್ಲಿದ್ದ ಹಳೇ ಶಾಖೆ ಹೊಸದರ ಮೇಲೆ ಹೋಗಿ ಕೂತಿತು.

"ಸರಿ, ಅದು ಮೊದಲನೇ ಸಲ."

"ಎರಡನೇ ಸಲಾನೂ ಹಾಗೇ. ಸಾಹೇಬರು ಮತ್ತೆ ಹಾಕಿದ್ರು, ನಾನು ಗಮನಿಸ್ದೆ ಹಳೇ ಫೈಲನ್ನೇ ಏರಿಸಿಬಿಟ್ಟೆ."

"ಮೂರನೇ ಸಲ?"

ಅವನು ಮೌಸ್ ಮೇಲಿನ ಕೈ ತೆಗೆದ.

"ನೋಡಿದೆ. ನಿಮ್ಮ ಸಾಲಲ್ಲಿ ಹಳೇ ಶಾಖೆನೇ ಇದೆ ಅಂತ ಗೊತ್ತಿತ್ತು. ಆದ್ರೂ... ಏರಿಸಿದೆ."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು ಅವಳಿಗೆ! "ಯಾಕೆ?"

"ನೀವು ಹೋಗ್ಬಿಟ್ರೆ... ನಾನು ಯಾರ ಜತೆ ಜಗಳ ಆಡ್ಲಿ?"

ಸಿಟ್ಟಿನ ನಡುವೆಯೇ ಅಳು ನುಗ್ಗಿ ಬಂತು. ಇವನ ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ನಾನ್ಯಾಕೆ ಕೆಲಸ ಬಿಟ್ಟು ಬಾಗಿಲು ನೋಡ್ತಿದ್ದೆ? ಬರೀ ಜಗಳಕ್ಕಾ? ಅಯ್ಯೋ... ಹೋಗಿ ಹೋಗಿ ಈ ಪ್ರಾಣೀನಾ ನನ್ನ ಮನಸ್ಸು ಮೆಚ್ಚಿದ್ದು!

"ಬಾಯಿಗೆ ಬೀಗ ಹಾಕ್ಕೊಂಡು, ನಮ್ಮಕ್ಕನ ಕಷ್ಟದ ಹೊತ್ತಲ್ಲಿ ಆಟ ಆಡಿದ್ರಲ್ರೀ! ನಾಚಿಕೆ ಆಗಲ್ವಾ? ಮೊದಲು ಸರಿ ಮಾಡಿ!"

ಅವನು ಹೊಸದಾಗಿ ಫೈಲು ಇಳಿಸಿದ. ಅವಳ ಸಾಲಿನಲ್ಲಿ ಶಾಖೆ ಬದಲಿಸಿ, ಅವಳಿಂದಲೇ ಓದಿಸಿ, ಏರಿಸಿದ. ಪರದೆಯಲ್ಲಿ ಹಸಿರು ಗುರುತು ಮೂಡಿತು.

"ಆಯ್ತು. ಹೋಗಿ ಬನ್ನಿ. ಬೇಕಂತಲೇ ಮಾಡಿದೆ ಅಂತ ಸಾಹೇಬರಿಗೆ ನಾನೇ ಹೇಳ್ತೀನಿ."

ಅವಳು ಬಾಗಿಲವರೆಗೆ ಹೋದಳು... ನಿಂತಳು... ತಿರುಗಿದಳು.

"ಸಾಹೇಬರಿಗೆ ಹೇಳಿ, ಬಿಡಬೇಡಿ. ಆಮೇಲೆ ಮಗು ನೋಡೋಕೆ ಅಕ್ಕನ ಮನೆಗೆ ಬನ್ನಿ. ಭಾವ ಇರ್ತಾರೆ. ಅವರೆದುರು ಬಾಯಿ ಬಿಟ್ಟು ಕೇಳಿ."

"ಏ... ಏನಂತ ಕೇಳ್ಲಿ?"

"ಅದನ್ನೂ ನಾನೇ ಹೇಳ್ಕೊಡ್ಬೇಕೇನ್ರೀ?" ಅವಳ ಕೆನ್ನೆ ಒದ್ದೆಯಾಗಿತ್ತು.

ಅವನು ಮೊದಲ ಬಾರಿ ಅವಳನ್ನು ನೇರವಾಗಿ ನೋಡಿದ. "ಬಂದ್ರೆ ಬೈತೀರಾ?"

"ಬೈತೀನಿ... ಬರದಿದ್ರೆ ಅಲ್ಲಿಂದ ಬಂದು ಬೈತೀನಿ!"